ಕೈ ನೋಡಿಕೊಳ್ಳದ ಹುಡುಗ

ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳ ಬಾಯಲ್ಲಿ ಸದಾ ತಯಾರಾಗಿರುವ ಸುಳ್ಳೊಂದಿದೆ: ‘ನಾನು ಆವತ್ತೇ ಹೇಳಿರಲಿಲ್ವಾ?’ ಓಕ್‌ಲ್ಯಾಂಡಿನ ಒರಾಕಲ್ ಅರೀನಾದಲ್ಲಿದ್ದದ್ದು 19,596 ಕುರ್ಚಿ. ಸ್ಟೆಫೆನ್ ಕರಿ ಎಂಬ ಸಣಕಲ ಹುಡುಗನ ಮೊದಲ ಆಟ ನೋಡಿಯೇ ಇವನು ದೊಡ್ಡವನಾಗುತ್ತಾನೆಂದು ಗುರುತಿಸಿದ್ದೆ ಎನ್ನುವವರನ್ನೆಲ್ಲ ಕೂರಿಸಬೇಕಾದರೆ ಅಂಥ ಹತ್ತು ಅರೀನಾ ಬೇಕು. ನಾನೂ ಹತ್ತು ವರ್ಷ ಇದೇ ಸುಳ್ಳು ಹೇಳಿಕೊಂಡು ತಿರುಗಿದವನೇ. ಕನ್ನಡ ಕೂಟದ ಗಣೇಶನ ಹಬ್ಬದ ಊಟದ ಸಾಲಿನಲ್ಲಿ, ಆಫೀಸಿನ ಕಾಫಿ ಮೆಷಿನ್ ಮುಂದೆ, ಕೊನೆಗೆ ಸ್ವಂತ ಮಗಳ ಎದುರಿಗೂ.

ನಡೆದದ್ದೇ ಬೇರೆ. 2012ರ ಮಾರ್ಚ್ 19ರ ರಾತ್ರಿ ಅದೇ ಅರೀನಾದ ಮೇಲಿನ ಸಾಲಿನಲ್ಲಿ ಎದ್ದು ನಿಂತು ಗಂಟಲು ಹರಿಯುವಂತೆ ‘ಬೂ’ ಎಂದು ಕೂಗಿದವರಲ್ಲಿ ನಾನೂ ಒಬ್ಬ. ನನ್ನ ಸಿಟ್ಟಿಗೆ ಕಾರಣ, ತಂಡದವರು ಕರಿಯನ್ನು ಉಳಿಸಿಕೊಂಡಿದ್ದರು.

ಮೇಲಿನ ಸಾಲಿನ ಟಿಕೆಟ್

ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದದ್ದು 2008ರಲ್ಲಿ. ರೂಂಮೇಟ್ ಹಾಸನದ ಹುಡುಗ. ಕಾರಿರಲಿಲ್ಲ. ಚಳಿಗಾಲದ ಸಂಜೆಗಳನ್ನು ಕಳೆಯಲು ನಮಗೆ ಸಿಕ್ಕ ಅಗ್ಗದ ದಾರಿಯೆಂದರೆ ಬಾರ್ಟ್ ರೈಲು ಹತ್ತಿ ಕಾಲಿಸಿಯಂ ನಿಲ್ದಾಣದಲ್ಲಿ ಇಳಿಯುವುದು. ನಿಲ್ದಾಣದಿಂದ ಅರೀನಾಕ್ಕೆ ಉದ್ದನೆಯ ಕಾಲುಸೇತುವೆ. ಅದರ ಎರಡೂ ಬದಿಯಲ್ಲಿ ಟೀಶರ್ಟ್ ಹರವಿಕೊಂಡವರು, ತಳ್ಳುಗಾಡಿಯ ಮೇಲೆ ಈರುಳ್ಳಿ ಹುರಿಯುತ್ತಾ ಹಾಟ್‌ಡಾಗ್ ಮಾರುವವರು. ಈರುಳ್ಳಿ ಘಮ ಮೂಗಿಗೆ ಬಡಿದರೆ ಸಾಕು, ಊರಿನ ಜಾತ್ರೆಗೆ ಬಂದಂತಾಗುತ್ತಿತ್ತು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಆಗ ಸೋಲುವುದರಲ್ಲೇ ಹೆಸರು ಮಾಡಿದ್ದ ತಂಡ. ಕೊನೆಯ ಸಲ ಚಾಂಪಿಯನ್ ಆದದ್ದು 1975ರಲ್ಲಿ. ಹೀಗಾಗಿ ಮೇಲಿನ ಸಾಲಿನ ಟಿಕೆಟ್ ಒಂದು ಹೋಟೆಲ್ ಊಟದ ದುಡ್ಡಿಗೆ ಸಿಗುತ್ತಿತ್ತು.

ನಮ್ಮ ಹೀರೋ ಮೊಂಟಾ ಎಲಿಸ್. ಮಿಸಿಸಿಪ್ಪಿಯ ಹೈಸ್ಕೂಲಿನಿಂದ ನೇರವಾಗಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಬಂದವನು. 2007ರಲ್ಲಿ 67 ಪಂದ್ಯ ಗೆದ್ದಿದ್ದ ಡಲ್ಲಾಸ್ ತಂಡವನ್ನು ಎಂಟನೇ ಶ್ರೇಯಾಂಕದ ವಾರಿಯರ್ಸ್ ಮನೆಗೆ ಕಳಿಸಿದಾಗ ತಂಡದಲ್ಲಿದ್ದವನು. ಚೆಂಡು ಹಿಡಿದು ಓಡಿದರೆ ಹಗ್ಗ ಬಿಚ್ಚಿದ ಕರುವಿನ ಹಾಗೆ. ಎತ್ತ ತಿರುಗುತ್ತಾನೆಂದು ಅವನಿಗೂ ಗೊತ್ತಿಲ್ಲವೇನೋ ಅನ್ನಿಸುತ್ತಿತ್ತು.

ಇಂಥ ತಂಡಕ್ಕೆ 2009ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಕಲಾಪದಲ್ಲಿ, ಏಳನೆಯವನಾಗಿ ಕರಿ ಬಂದ. 21 ವರ್ಷ. ಜರ್ಸಿ ಅವನ ಮೈಮೇಲೆ ಹ್ಯಾಂಗರಿಗೆ ತೂಗುಹಾಕಿದಂತಿತ್ತು. ಅಪ್ಪ ಡೆಲ್ ಕರಿ 16 ಋತು ಎನ್‌ಬಿಎ ಆಡಿದವರು. ಮಗನಿಗೆ ಮಾತ್ರ ಅಪ್ಪ ಓದಿದ ವರ್ಜೀನಿಯಾ ಟೆಕ್‌ನಲ್ಲೂ ವಿದ್ಯಾರ್ಥಿವೇತನದ ಜಾಗ ಸಿಕ್ಕಿರಲಿಲ್ಲ. ಡೇವಿಡ್ಸನ್ ಎಂಬ ಪುಟ್ಟ ಕಾಲೇಜು ಸೇರಿಕೊಂಡ. 2008ರ ಕಾಲೇಜು ಟೂರ್ನಿಯಲ್ಲಿ ಆ ಕಾಲೇಜು ಗೊನ್ಜಾಗ, ಜಾರ್ಜ್‌ಟೌನ್, ವಿಸ್ಕಾನ್ಸಿನ್ ತಂಡಗಳನ್ನು ಒಂದರ ಹಿಂದೊಂದು ಕೆಡವಿತು. ಆ ಮೂರು ಪಂದ್ಯಗಳಲ್ಲಿ ಕರಿ ಹೊಡೆದದ್ದು 40, 30, 33. ಕೊನೆಗೆ ಆ ವರ್ಷದ ಚಾಂಪಿಯನ್ ಕ್ಯಾನ್ಸಸ್ ಎದುರು ಎರಡೇ ಅಂಕದಿಂದ ಸೋತರು. ಇಷ್ಟೆಲ್ಲ ಆದಮೇಲೂ ಆರು ಜನರನ್ನು ಆರಿಸಿದ ಮೇಲೆಯೇ ಇವನ ಸರದಿ ಬಂದದ್ದು. ಮಿನೆಸೋಟ ತಂಡದ ಕೈಯಲ್ಲಿ ಐದು ಮತ್ತು ಆರನೇ ಆಯ್ಕೆ ಎರಡೂ ಇದ್ದವು. ಇಬ್ಬರು ಗಾರ್ಡ್‌ಗಳನ್ನು ತೆಗೆದುಕೊಂಡರು, ಇಬ್ಬರಲ್ಲಿ ಇವನಿರಲಿಲ್ಲ.

ಅವರನ್ನು ಏನು ದೂರುವುದು? ನನಗೂ ಅವನು ರುಚಿಸಲಿಲ್ಲ. ಇಬ್ಬರು ಕುಳ್ಳರು ಒಟ್ಟಿಗೆ ಆಡಿ ಗೆಲ್ಲುವುದು ಆಗದ ಮಾತು ಎಂದು ಎಲಿಸ್ ಋತು ಶುರುವಾಗುವ ಮುಂಚೆಯೇ ಪತ್ರಕರ್ತರ ಮುಂದೆ ಹೇಳಿದ್ದ. ಆರಡಿ ಮೂರಂಗುಲದವರು ಕುಳ್ಳರೆನಿಸಿಕೊಳ್ಳುವ ಆಟ ಇದು. ಎಲಿಸ್ ಮಾತಿಗೆ ಮೇಲಿನ ಸಾಲಿನಲ್ಲಿ ಕೂತಿದ್ದ ನಾವಿಬ್ಬರೂ ತಲೆಯಾಡಿಸಿದ್ದೆವು.

ನಾನು ಕೂಗಿದ ರಾತ್ರಿ

ಆಮೇಲೆ ಕರಿಯ ಪಾದದ ಕೀಲು ಕೈಕೊಟ್ಟಿತು. ಓಡುತ್ತಾ ಓಡುತ್ತಾ, ಯಾರೂ ಮುಟ್ಟದೇ ಇದ್ದರೂ ಬಲಗಾಲು ಉಳುಕುತ್ತಿತ್ತು. 2011ರಲ್ಲಿ ಒಂದು ಶಸ್ತ್ರಚಿಕಿತ್ಸೆ, 2012ರಲ್ಲಿ ಇನ್ನೊಂದು. 66 ಪಂದ್ಯಗಳ ಆ ಮೊಟಕು ಋತುವಿನಲ್ಲಿ ಅವನು ಆಡಿದ್ದು 26. ಅದರ ನಡುವೆಯೇ, ಮಾರ್ಚ್‌ನಲ್ಲಿ, ತಂಡದವರು ಎಲಿಸ್‌ನನ್ನು ಮಿಲ್ವಾಕಿಗೆ ಕೊಟ್ಟು ಆಂಡ್ರ್ಯೂ ಬೋಗಟ್‌ನನ್ನು ತಂದರು. ಬೋಗಟ್‌ಗೂ ಕಾಲು ಮುರಿದಿತ್ತು. ಓಡುವ ಕುದುರೆ ಕೊಟ್ಟು ಕುಂಟುವ ಕುದುರೆ ತಂದರು, ಲಾಯದಲ್ಲಿ ಆಗಲೇ ಒಂದು ಕುಂಟುತ್ತಿದೆ. ನಮ್ಮ ಲೆಕ್ಕ ಅಷ್ಟೇ.

ಆರು ದಿನ ಕಳೆದು, ಹಳೆಯ ಆಟಗಾರ ಕ್ರಿಸ್ ಮಲಿನ್ ಅವರ ಜರ್ಸಿಗೆ ನಿವೃತ್ತಿ ಕೊಡುವ ಸಮಾರಂಭ. ತಂಡದ ಮಾಲೀಕರು ಮೈಕ್ ಹಿಡಿದರು. ಮೊದಲು ಒಂದು ಮೂಲೆಯಿಂದ ‘ಬೂ’ ಬಂತು. ಎರಡೇ ನಿಮಿಷಕ್ಕೆ ಇಡೀ ಅರೀನಾ ಗೂಳಿಯಂತೆ ಗುಟುರು ಹಾಕತೊಡಗಿತು. ಮಲಿನ್ ಸಮಾಧಾನ ಹೇಳಿದರು, ಜನ ಕೇಳಲಿಲ್ಲ. 1975ರ ತಂಡದ ರಿಕ್ ಬ್ಯಾರಿ ಎದ್ದು ಬಂದು ಬೈದರು, ಅವರಿಗೂ ಅದೇ ಆಯಿತು. ಹಾಸನದ ಹುಡುಗ ನನ್ನ ತೋಳು ಹಿಡಿದು ಕೂರಿಸಲು ನೋಡಿದ. ನಾನು ಕೂರಲಿಲ್ಲ. ಗಾಯಗೊಂಡಿದ್ದ ಕರಿ ಆವತ್ತು ಆಡಲೂ ಇಲ್ಲ.

ಕಂಡಿದ್ದೆ, ಗುರುತಿಸಿದ್ದೆ ಎನ್ನುವ ನನ್ನ ಅಸಲಿ ಚರಿತ್ರೆ ಇದು.

ಪಿ.ಟಿ. ಮೇಷ್ಟ್ರ ಕಣ್ಣು

ಅದೇ ವರ್ಷದ ಕೊನೆಗೆ ಅಪ್ಪ ನಮ್ಮಲ್ಲಿಗೆ ಬಂದರು. ತಿಪಟೂರಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವರು. ಶಾಲೆಯ ಬ್ಯಾಸ್ಕೆಟ್‌ಬಾಲ್ ರಿಂಗನ್ನು ವೆಲ್ಡಿಂಗ್ ಅಂಗಡಿಯಲ್ಲಿ ಎದುರಿಗೆ ನಿಂತು ಮಾಡಿಸಿ, ಟೇಪ್ ಹಿಡಿದು ಅಳೆದು ನಿಲ್ಲಿಸಿದವರು. ‘ಹತ್ತಡಿ ಅಂದ್ರೆ ಹತ್ತಡಿ. ಒಂದಿಂಚು ಕಮ್ಮಿಯಾದ್ರೂ ಹುಡುಗರ ಕೈ ಸುಳ್ಳು ಕಲಿಯುತ್ತೆ’ ಎನ್ನುತ್ತಿದ್ದರು.

ಅವರನ್ನು ಆಟಕ್ಕೆ ಕರೆದುಕೊಂಡು ಹೋದೆ. ಬಸ್‌ಸ್ಟ್ಯಾಂಡಿಗೆ ಒಂದು ಗಂಟೆ ಮುಂಚೆ ಹೋಗಿ ಕೂರುವ ಜಾತಿ. ಬಾಗಿಲು ತೆರೆದ ಕೂಡಲೇ ಒಳಗಿದ್ದೆವು. ಕುರ್ಚಿಗಳೆಲ್ಲ ಖಾಲಿ. ಕೆಳಗೆ ಒಬ್ಬನೇ ಅಭ್ಯಾಸ ಮಾಡುತ್ತಿದ್ದ. ಹೆಸರು ಕೇಳಿದರು, ಹೇಳಿದೆ.

‘ಕರಿ ಅಂದ್ರೆ ಆನೆ ಅಲ್ವೇನೋ? ಇವನು ನೋಡಿದ್ರೆ ಮೇಕೆಮರಿ ಇದ್ದಂಗಿದಾನೆ!’

ಎರಡೂ ಕೈಯಲ್ಲಿ ಒಂದೊಂದು ಚೆಂಡು ಹಿಡಿದು ಡ್ರಿಬಲ್ ಮಾಡಿದ. ಆಮೇಲೆ ರಿಂಗಿನ ಹತ್ತಿರದಿಂದ ಶುರುವಿಟ್ಟು ಒಂದೊಂದೇ ಹೆಜ್ಜೆ ಹಿಂದೆ ಬರುತ್ತಾ ಎಸೆಯತೊಡಗಿದ. ನಾನು ಮೊಬೈಲ್ ನೋಡುತ್ತಿದ್ದೆ. ಅಪ್ಪ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸುತ್ತಿದ್ದರು.

‘ಎಷ್ಟು ಬಿತ್ತಪ್ಪಾ?’

‘ಬಿದ್ದದ್ದು ಯಾರು ಎಣಿಸ್ತಾರೆ? ತಪ್ಪಿದ್ದು ಹನ್ನೊಂದು.’ ಸ್ವಲ್ಪ ಹೊತ್ತು ಬಿಟ್ಟು ಅಂದರು: ‘ಹನ್ನೊಂದು ಸಲಾನೂ ಇವನು ಕೈ ನೋಡ್ಕೊಳ್ಳಲಿಲ್ಲ ಕಣೋ.’

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಚೆಂಡು ತಪ್ಪಿದ ಕೂಡಲೇ ಶಾಲೆ ಹುಡುಗರೆಲ್ಲ ಒಂದು ಗಳಿಗೆ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ, ತಪ್ಪೆಲ್ಲ ಕೈಯದ್ದೇ ಎಂಬಂತೆ. ಆ ಒಂದು ಗಳಿಗೆ ಮುಂದಿನ ಎಸೆತವನ್ನೂ ಕೆಡಿಸುತ್ತದೆ. ಮೂವತ್ತು ವರ್ಷ ಬಿಡಿಸಲು ನೋಡಿ ಸೋತ ಅಭ್ಯಾಸವಂತೆ ಅದು. ಈ ಹುಡುಗ ತಪ್ಪಿದರೂ ಬಿದ್ದರೂ ಒಂದೇ ಮುಖ ಇಟ್ಟುಕೊಂಡು ಮುಂದಿನ ಚೆಂಡಿಗೆ ಕೈ ಚಾಚುತ್ತಿದ್ದ.

‘ಹಾಗಾದ್ರೆ ದೊಡ್ಡ ಸ್ಟಾರ್ ಆಗ್ತಾನಾ?’

‘ಅದೆಲ್ಲ ನಂಗೇನು ಗೊತ್ತು? ಕಾಲು ಸರಿಯಿದ್ರೆ ಆಡ್ತಾನೆ.’

ಆಮೇಲೆ ಓದಿ ತಿಳಿದದ್ದನ್ನು ಅಪ್ಪನಿಗೆ ಹೇಳುತ್ತಾ ಹೋದೆ. ಹೈಸ್ಕೂಲಿನಲ್ಲಿ ಕರಿ ಚೆಂಡನ್ನು ಸೊಂಟದ ಮಟ್ಟದಿಂದ ಎಸೆಯುತ್ತಿದ್ದನಂತೆ. ಎತ್ತರದವರ ಎದುರು ಅದು ನಡೆಯುವುದಿಲ್ಲವೆಂದು ಡೆಲ್ ಕರಿ ಒಂದು ಬೇಸಿಗೆಯಿಡೀ ಕೂತು ಮಗನ ಎಸೆತವನ್ನು ಬಿಚ್ಚಿ ಮತ್ತೆ ಕಟ್ಟಿದರು, ತಲೆಯ ಮೇಲಿಂದ ಎಸೆಯುವ ಹಾಗೆ. ಬರುತ್ತಿದ್ದದ್ದೂ ಮರೆತುಹೋಗಿ ಹುಡುಗ ವಾರಗಟ್ಟಲೆ ಸಂಕಟಪಟ್ಟ. ಪಾದದ ತೊಂದರೆಗೂ ಮದ್ದು ಸಿಕ್ಕಿದ್ದು ಪಾದದಲ್ಲಲ್ಲ, ಸೊಂಟದಲ್ಲಿ. ತಿರುಗುವಾಗ ಇಡೀ ಭಾರವನ್ನು ಪಾದದ ಕೀಲಿಗೆ ಹಾಕುತ್ತಿದ್ದ. ವಾರಿಯರ್ಸ್‌ನ ತರಬೇತುದಾರರು ಸೊಂಟ, ತೊಡೆ ಗಟ್ಟಿಮಾಡಿಸಿ ಭಾರವನ್ನು ಅಲ್ಲಿಗೆ ದಾಟಿಸಿದರು. ಇದನ್ನು ಕೇಳಿ ಅಪ್ಪನಿಗೆ ಆದ ಖುಷಿ ಅಷ್ಟಿಷ್ಟಲ್ಲ. ‘ಬೇರು ಒಂದು ಕಡೆ, ನೋವು ಇನ್ನೊಂದು ಕಡೆ’ ಎಂದು ಮನೆಗೆ ಬಂದವರಿಗೆಲ್ಲ ಹೇಳಿದರು.

2013ರ ಫೆಬ್ರುವರಿ 27. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆಟ. ನಮ್ಮಲ್ಲಿ ಇನ್ನೂ ಸಂಜೆ, ನಾನು ಆಫೀಸಿನ ಮೀಟಿಂಗಿನಲ್ಲಿ ಸಿಕ್ಕಿಬಿದ್ದಿದ್ದೆ. ಮನೆಗೆ ಬಂದಾಗ ಅಪ್ಪ ಸೋಫಾದ ಅಂಚಿನಲ್ಲಿ ಕೂತಿದ್ದರು. ‘ಸೋತ್ರು. ಆದ್ರೆ ಹುಡುಗ 54 ಹೊಡೆದ. ಮೂರರ ಗೆರೆಯಾಚೆಯಿಂದ ಹದಿಮೂರು ಎಸೆದ. ತಪ್ಪಿದ್ದು ಎರಡೇ ಎರಡು.’ ಕರಿ ಜಗತ್ತಿನ ಕಣ್ಣಿಗೆ ಬಿದ್ದ ರಾತ್ರಿ ಎಂದು ಈಗ ಎಲ್ಲರೂ ಹೇಳುವ ಆಟ ಅದು. ನಮ್ಮ ಮನೆಯಲ್ಲಿ ಅದನ್ನು ನೋಡಿದ್ದು ಅಪ್ಪ ಒಬ್ಬರೇ.

23 ಅಡಿ 9 ಅಂಗುಲ

ಎನ್‌ಬಿಎಯಲ್ಲಿ ಮೂರು ಅಂಕದ ಗೆರೆ ಬಂದದ್ದು 1979ರಲ್ಲಿ. ರಿಂಗಿನಿಂದ 23 ಅಡಿ 9 ಅಂಗುಲ, ಮೂಲೆಗಳಲ್ಲಿ 22 ಅಡಿ. ಬಹಳ ವರ್ಷ ಅದು ಊಟದೆಲೆಯ ತುದಿಯ ಉಪ್ಪಿನಕಾಯಿಯಂತಿತ್ತು. ಲೆಕ್ಕ ಮಾತ್ರ ಸರಳ. ಹತ್ತಿರದಿಂದ ನೂರು ಎಸೆದು 50 ಬಿದ್ದರೆ 100 ಅಂಕ. ಗೆರೆಯಾಚೆಯಿಂದ ನೂರು ಎಸೆದು 34 ಬಿದ್ದರೂ 102. 2015–16ರಲ್ಲಿ ಕರಿಗೆ ನೂರಕ್ಕೆ 45 ಬೀಳುತ್ತಿದ್ದವು, ಅಂದರೆ 135. ಒಂದೇ ಋತುವಿನಲ್ಲಿ ಅವನು ಹಾಕಿದ ಮೂರಂಕದ ಬುಟ್ಟಿಗಳು 402. ಅದಕ್ಕೆ ಹಿಂದಿನ ದಾಖಲೆ 286, ಅದೂ ಅವನದೇ. 2009ರಲ್ಲಿ ಒಂದು ತಂಡ ಪಂದ್ಯಕ್ಕೆ 18ರ ಆಸುಪಾಸು ಮೂರಂಕದ ಎಸೆತ ಎಸೆಯುತ್ತಿತ್ತು. ಈಗ ಅದು 37 ದಾಟಿದೆ. ಉಪ್ಪಿನಕಾಯಿಯೇ ಅನ್ನವಾಯಿತು.

ಒಬ್ಬನಿಂದಲೇ ಆದದ್ದಲ್ಲ. 2011ರಲ್ಲಿ 11ನೆಯವನಾಗಿ ಬಂದ ಕ್ಲೇ ಥಾಂಪ್ಸನ್ 2015ರ ಜನವರಿಯಲ್ಲಿ ಒಂದೇ ಕ್ವಾರ್ಟರ್‌ನಲ್ಲಿ 37 ಅಂಕ ಹೊಡೆದ. ಮರುವರ್ಷ 29 ನಿಮಿಷದಲ್ಲಿ 60. 2012ರಲ್ಲಿ 35ನೆಯವನಾಗಿ ಬಂದ ಡ್ರೇಮಂಡ್ ಗ್ರೀನ್ ತನಗಿಂತ ಎತ್ತರದವರನ್ನು ತಡೆಯುವ ಗೋಡೆಯಾದ. ಸ್ಟೀವ್ ಕರ್ ಕೋಚ್ ಆಗಿ ಬಂದ ಮೊದಲ ವರ್ಷವೇ, 2015ರಲ್ಲಿ, ನಲವತ್ತು ವರ್ಷದ ಬರ ಮುಗಿಯಿತು. ಮುಂದಿನ ಋತು 73 ಗೆಲುವು, 9 ಸೋಲು. ಅಷ್ಟು ಗೆದ್ದ ತಂಡ ಅದಕ್ಕೆ ಮುಂಚೆ ಇರಲಿಲ್ಲ. ಕರಿ ಒಂದು ಮತವೂ ತಪ್ಪದೆ ಸರ್ವಾನುಮತದ ಎಂವಿಪಿಯಾದ, ಅಂದರೆ ಋತುವಿನ ಅತ್ಯಮೂಲ್ಯ ಆಟಗಾರ. ಅದೂ ಚರಿತ್ರೆಯಲ್ಲೇ ಮೊದಲು. ಖಾಲಿ ಕುರ್ಚಿಗಳ ನಡುವೆ ನಾವು ನೋಡಿದ್ದ ಆ ಅಭ್ಯಾಸವನ್ನು ನೋಡಲೆಂದೇ ಈಗ ಸಾವಿರಾರು ಜನ ಮುಂಚಿತವಾಗಿ ಬಂದು ಮೊಬೈಲ್ ಹಿಡಿದು ನಿಲ್ಲುತ್ತಿದ್ದರು.

ಅಪ್ಪ ಅಷ್ಟರಲ್ಲಿ ಊರಿಗೆ ಮರಳಿದ್ದರು. ನಮ್ಮ ರಾತ್ರಿಯ ಆಟ ತಿಪಟೂರಿಗೆ ಬೆಳಗಿನ ಆಟ. ಸೋನಿ ಸಿಕ್ಸ್ ಹಚ್ಚಿ, ಕಾಫಿ ಲೋಟ ಹಿಡಿದು ಕೂರುತ್ತಿದ್ದರಂತೆ. 2016ರ ಫೆಬ್ರುವರಿ 27ರಂದು, 54 ಹೊಡೆದ ದಿನಕ್ಕೆ ಸರಿಯಾಗಿ ಮೂರು ವರ್ಷಕ್ಕೆ, ಒಕ್ಲಹೋಮಾದಲ್ಲಿ ಕರಿಯ ಪಾದ ಮತ್ತೆ ಉಳುಕಿತು. ಒಳಗೆ ಹೋಗಿ ಪಟ್ಟಿ ಕಟ್ಟಿಸಿಕೊಂಡು ವಾಪಸು ಬಂದ. ಹೆಚ್ಚುವರಿ ಆಟದಲ್ಲಿ 118–118 ಸಮ ಇದ್ದಾಗ ಅಂಗಣದ ನಡುಗೆರೆ ದಾಟಿದ ಸ್ವಲ್ಪದರಲ್ಲೇ, ಎದುರಾಳಿಗಳು ಇನ್ನೂ ಹಿಂದೆ ಸರಿಯುತ್ತಿರುವಾಗಲೇ ಎಸೆದುಬಿಟ್ಟ. ಸುಮಾರು 37 ಅಡಿ. ಬಿತ್ತು. ನಾನು ನೆಲದ ಮೇಲೆ ಹೊರಳಾಡುತ್ತಿದ್ದಾಗ ತಿಪಟೂರಿನಿಂದ ಫೋನು: ‘ಕಾಲಿಗೆ ಏನಾಗಿದೆಯಂತೆ, ನೋಡಿ ಹೇಳು.’

ಅದೇ ವರ್ಷದ ಜೂನ್ 19ರಂದು ಕ್ಲೀವ್‌ಲ್ಯಾಂಡ್ ಎದುರು ಫೈನಲ್ಸ್‌ನ ಏಳನೇ ಪಂದ್ಯ. ತಿಪಟೂರಿನಲ್ಲಿ ಸೋಮವಾರ ಬೆಳಗಿನ ಐದೂವರೆ. ಸರಣಿಯಲ್ಲಿ 3–1ರಿಂದ ಮುಂದಿದ್ದ ವಾರಿಯರ್ಸ್ 93–89ರಲ್ಲಿ ಸೋತು ಎಲ್ಲವನ್ನೂ ಕಳೆದುಕೊಂಡರು. ಕೊನೆಯ ನಿಮಿಷದಲ್ಲಿ ಕರಿ ಎಸೆದ ಚೆಂಡು ಬೀಳಲಿಲ್ಲ. ನಾನು ಯಾರ ಫೋನೂ ಎತ್ತಲಿಲ್ಲ, ಅಪ್ಪನದನ್ನು ಬಿಟ್ಟು. ‘ಮಂಡಿ ಕಣೋ, ಮಂಡಿ. ಏಪ್ರಿಲ್‌ನಲ್ಲಿ ಪೆಟ್ಟಾಗಿತ್ತಲ್ಲ’ ಎಂದರು. ಆಮೇಲೆ, ‘ಊಟ ಮಾಡು’ ಎಂದರು.

ಎಲ್ಲರೂ ಏರುವುದಿಲ್ಲ

ಒಬ್ಬನ ವಿಷಯದಲ್ಲಿ ಎಡವಿದವನಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಮಿಲ್ವಾಕಿ ತಂಡ 2013ರಲ್ಲಿ 15ನೆಯವನಾಗಿ ಆರಿಸಿದ ಯಾನಿಸ್ ಅಂಟೆಟೊಕುಂಪೊ ಮೊದಲ ವರ್ಷ ಪಂದ್ಯಕ್ಕೆ ಏಳು ಅಂಕವೂ ಹೊಡೆಯುತ್ತಿರಲಿಲ್ಲ. ಬರೀ ಕೈಕಾಲು. ‘ಎಲುಬಿಗೆ ಮಾಂಸ ಹತ್ತುವಷ್ಟರಲ್ಲಿ ವಾಪಸು ಕಳಿಸ್ತಾರೆ’ ಅಂದಿದ್ದೆ. ನೈಜೀರಿಯಾದಿಂದ ಬಂದ ಅಪ್ಪ ಅಮ್ಮ, ಅಥೆನ್ಸ್‌ನ ಬೀದಿಯಲ್ಲಿ ಗಡಿಯಾರ, ಕನ್ನಡಕ ಮಾರುತ್ತಾ ಬೆಳೆದ ಬಾಲ್ಯ, ಅಣ್ಣನ ಜತೆ ಹಂಚಿಕೊಂಡ ಬೂಟು. ಅಮೆರಿಕಕ್ಕೆ ಬಂದ ಹೊಸತರಲ್ಲಿ ಕೈಲಿದ್ದ ದುಡ್ಡನ್ನೆಲ್ಲ ಮನೆಗೆ ಕಳಿಸಿ, ಟ್ಯಾಕ್ಸಿಗೆ ಕಾಸಿಲ್ಲದೆ ಚಳಿಯಲ್ಲಿ ಅರೀನಾ ಕಡೆಗೆ ಓಡುತ್ತಿದ್ದವನನ್ನು ದಾರಿಹೋಕ ದಂಪತಿ ಕಾರಿಗೆ ಹತ್ತಿಸಿಕೊಂಡು ಬಿಟ್ಟಿದ್ದರು. ಅವನೇ 2019 ಮತ್ತು 2020ರ ಎಂವಿಪಿ. 2021ರ ಜುಲೈ 20ರಂದು 50 ಅಂಕ ಹೊಡೆದು ಮಿಲ್ವಾಕಿಗೆ ಐವತ್ತು ವರ್ಷದ ಮೇಲೆ ಕಪ್ ತಂದುಕೊಟ್ಟ. ಫ್ರೀ ಥ್ರೋ ಅವನ ದೌರ್ಬಲ್ಯ. ಎಸೆಯಲು ಬಹಳ ಹೊತ್ತು ತೆಗೆದುಕೊಳ್ಳುತ್ತಾನೆಂದು ಎದುರಾಳಿ ಊರಿನವರು ಒಂದು, ಎರಡು ಎಂದು ಎಣಿಸಿ ಗೇಲಿ ಮಾಡುತ್ತಿದ್ದರು. ಆ ರಾತ್ರಿ 19ರಲ್ಲಿ 17 ಹಾಕಿದ.

ನಿಕೋಲಾ ಯೋಕಿಚ್‌ನದು ಇನ್ನೂ ಸೊಗಸು. 2014ರಲ್ಲಿ 41ನೆಯವನಾಗಿ ಅವನ ಹೆಸರು ಬಂದಾಗ ಟಿವಿಯಲ್ಲಿ ಟಾಕೋ ಬೆಲ್ ಜಾಹೀರಾತು ಓಡುತ್ತಿತ್ತು. ಅವನೂ ಸರ್ಬಿಯಾದಲ್ಲಿ ನಿದ್ದೆ ಹೊಡೆಯುತ್ತಿದ್ದ. ದಪ್ಪ ಮೈ, ನೆಲ ಬಿಟ್ಟು ಮೇಲೇಳದ ಜಿಗಿತ, ಮನಸ್ಸೆಲ್ಲ ಊರಿನ ಕುದುರೆಗಳ ಮೇಲೆ. ಅವನ ಕೈಯಿಂದ ಹೊರಡುವ ಪಾಸ್‌ಗಳನ್ನು ನಾನು ಅದೃಷ್ಟವೆಂದೇ ತಿಳಿದಿದ್ದೆ. ಮೂರು ಎಂವಿಪಿ, 2023ರಲ್ಲಿ ಡೆನ್ವರ್‌ಗೆ ಚೊಚ್ಚಲ ಕಪ್. ನನ್ನ ಮಗಳಿಗೆ ಈಗ ಅವನೇ ದೇವರು.

ಹಾಗೆಂದು ಕಾದವರಿಗೆಲ್ಲ ಫಲ ಸಿಗುವುದಿಲ್ಲ. 2015ರಲ್ಲಿ ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್‌ನನ್ನು ಡಲ್ಲಾಸ್ 52ನೆಯವನಾಗಿ ಆರಿಸಿತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಭಾರತದಲ್ಲಿ ಹುಟ್ಟಿದ ಮೊದಲ ಹೆಸರು. ಅಪ್ಪ ಹಬ್ಬದಂತೆ ಸಂಭ್ರಮಿಸಿದರು. ಏಳಡಿ ಎರಡಂಗುಲದ ಆ ಹುಡುಗನಿಗೆ ಎನ್‌ಬಿಎಯಲ್ಲಿ ಒಂದು ಪಂದ್ಯ ಆಡುವ ಯೋಗವೂ ಕೂಡಿಬರಲಿಲ್ಲ. ಕರಿ ಬಂದ ವರ್ಷ ಇಡೀ ಡ್ರಾಫ್ಟ್‌ಗೆ ಎರಡನೆಯವನಾಗಿ ಆಯ್ಕೆಯಾಗಿದ್ದ ಹಶೀಂ ಥಬೀಟ್‌ನನ್ನು ಇವತ್ತು ಯಾರು ನೆನೆಯುತ್ತಾರೆ? ಏರಿದವರ ಕತೆಯನ್ನಷ್ಟೇ ಹಿಂದಿನಿಂದ ಮುಂದಕ್ಕೆ ಓದುತ್ತೇವೆ. ಆಗ ಎಲ್ಲವೂ ಮೊದಲೇ ಬರೆದಿಟ್ಟಂತೆ ಕಾಣುತ್ತದೆ.

ಅದೇ ನ್ಯೂಯಾರ್ಕ್

2019ರಲ್ಲಿ ತಂಡ ಕೊಲ್ಲಿಯಾಚೆಯ ಸ್ಯಾನ್ ಫ್ರಾನ್ಸಿಸ್ಕೋಗೆ, ಹೊಸ ಅರೀನಾಕ್ಕೆ ಹೋಯಿತು. ಫೈನಲ್ಸ್‌ನಲ್ಲಿ ಕ್ಲೇ ಮಂಡಿಯ ಅಸ್ಥಿರಜ್ಜು ಹರಿದುಕೊಂಡಿದ್ದ. ಹೊಸ ಋತು ಶುರುವಾಗಿ ಒಂದು ವಾರದ ಆಸುಪಾಸಿನಲ್ಲೇ ಕರಿ ಕೈ ಮುರಿದುಕೊಂಡ. 15 ಗೆಲುವು, 50 ಸೋಲು. ಇನ್ನು ಮುಗಿಯಿತು ಎಂದು ಎಲ್ಲರೂ ಬರೆದರು. ನಾನೂ ಹಾಗೇ ಅಂದೆ. ಅಪ್ಪ ಮಾತ್ರ, ‘ಯಾವ ಕೈ ಮುರಿದದ್ದು?’ ಎಂದು ಕೇಳಿದರು. ‘ಎಡಗೈ.’ ‘ಸರಿ ಬಿಡು, ಎಸೆಯೋ ಕೈಯಲ್ಲ.’

2020ರ ಕೊನೆಗೆ ಅಪ್ಪ ಹೋದರು. ಕೊರೊನಾ ಕಾಲ. ನಾನು ಊರು ತಲುಪುವಷ್ಟರಲ್ಲಿ ಹನ್ನೊಂದನೇ ದಿನ.

ಮರುವರ್ಷ ಡಿಸೆಂಬರ್ 14ರಂದು ಕರಿ ರೇ ಅಲೆನ್‌ನ 2,973 ಮೂರಂಕದ ಬುಟ್ಟಿಗಳ ದಾಖಲೆ ಮುರಿದ. ಮುರಿದದ್ದು ಅದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ಆಟ ನಿಲ್ಲಿಸಿದರು. ಕರಿ ಹೋಗಿ ತನ್ನ ಅಪ್ಪನನ್ನು ತಬ್ಬಿಕೊಂಡ, ಒಂದು ಬೇಸಿಗೆಯಿಡೀ ಅವನನ್ನು ಅಳಿಸಿದ ಅಪ್ಪನನ್ನು. ಸೋಫಾದ ಅಂಚಿನಲ್ಲಿ ಈ ಸಲ ಕೂತಿದ್ದವನು ನಾನು.

2022ರ ಜನವರಿಯಲ್ಲಿ ಕ್ಲೇ 941 ದಿನಗಳ ಬಳಿಕ ಆಟಕ್ಕೆ ಮರಳಿದ. ಜೂನ್ 16ರಂದು ಬಾಸ್ಟನ್‌ನಲ್ಲಿ ಕರಿಗೆ ನಾಲ್ಕನೇ ಕಪ್. ಗಡಿಯಾರ ಇನ್ನೂ ಓಡುತ್ತಿರುವಾಗಲೇ ಕರಿ ಅಳತೊಡಗಿದ್ದ. ‘ನೀವು ಆವತ್ತೇ ಹೇಳಿದ್ರಿ ಅಲ್ವಾ ಅಪ್ಪಾ?’ ಎಂದು ಮಗಳು ಕೇಳಿದಳು. ‘ಇಲ್ಲ ಪುಟ್ಟಾ’ ಎಂದು ಮಾರ್ಚ್ 19ರ ಕತೆ ಹೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಸಂಜೆ ಅಪ್ಪನ ಶಾಲೆಯ ಕಡೆ ನಡೆದೆ. ಬೋರ್ಡಿನ ಬಣ್ಣ ಎದ್ದುಹೋಗಿದೆ, ಬಲೆ ಇಲ್ಲ, ರಿಂಗು ಇದೆ. ಒಂಬತ್ತನೇ ಕ್ಲಾಸಿರಬಹುದಾದ ಹುಡುಗಿಯೊಬ್ಬಳು ಒಬ್ಬಳೇ ಚೆಂಡೆಸೆಯುತ್ತಿದ್ದಳು. ತಪ್ಪಿತು. ಅಂಗೈ ನೋಡಿಕೊಂಡಳು. ಇನ್ನೊಂದು. ಮತ್ತೆ ಅಂಗೈ.

‘ಕೈ ನೋಡ್ಕೋಬೇಡಮ್ಮ’ ಎಂದೆ, ಬಾಯಿ ತಡೆಯಲಾಗದೆ.

ಅವಳು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ನೀವು ಆಡ್ತಿದ್ರಾ ಸಾರ್?’

‘ಇಲ್ಲಮ್ಮ. ನೋಡ್ತಿದ್ದೆ.’